ಒಂದ್ ರೌಂಡ್ ಹೊಡದ್ ಬರ್ತೀನಿ

ನಮ್ಮ ಮನೆಯವರಿಗೆ ಟೆಂಟಿನಲ್ಲಿ ಮಲಗುವ ಹುಚ್ಚೇನೂ ಇಲ್ಲ. ಮಂದಿಯ ಟೆಂಟು ನೋಡುವ ಹುಚ್ಚು. ಇವೆರಡಕ್ಕೂ ಎಷ್ಟು ಫರಕಿದೆ ಅಂತ ತಿಳಿಯಬೇಕಾದರೆ ನೀವು ಸಂಜೆ ಆರೂವರೆಗೆ, ಕಲಘಟಗಿ ಕಡೆಯ ಒಂದು ಮಾವಿನ ತೋಟದಲ್ಲಿ, ಅರ್ಧ ಎದ್ದು ನಿಂತ ಟೆಂಟಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿರಬೇಕು. ಅದರ ಇನ್ನೊಂದು ತುದಿ ಹಿಡಿಯಬೇಕಾದ ಮನುಷ್ಯ "ಒಂದ್ ರೌಂಡ್ ಹೊಡದ್ ಬರ್ತೀನಿ, ಹಿಡ್ಕೊಂಡಿರು" ಅಂತ ಹೇಳಿ ಹೋಗಿರಬೇಕು. ಇದು ಹೋದ ಶನಿವಾರದ ಮಾತು. ಸೊಳ್ಳೆ ಕಡಿದ ಗಾದರಿ ಇನ್ನೂ ಮೊಣಕೈ ಮೇಲಿದೆ. ಮಾತು ಸ್ವಲ್ಪ ಖಾರ ಆದರೆ ಹೊಟ್ಟೆಗೆ ಹಾಕಿಕೊಳ್ಳಿ.

ಗುಮ್ಮಟದಂತೆ ನಿಲ್ಲುವ ಈ ಟೆಂಟುಗಳಿಗೆ ಎರಡು ಬಳುಕುವ ಕೋಲು ಇರುತ್ತವೆ. ಒಂದರ ಮೇಲೊಂದು ಅಡ್ಡ ಹಾಯುವಂತೆ ತೂರಿಸಿ, ಬಗ್ಗಿಸಿ, ನಾಲ್ಕು ಮೂಲೆಗೆ ಸಿಕ್ಕಿಸಬೇಕು. ಈ ತುದಿ ಸಿಕ್ಕಿಸಲು ಹೋದರೆ ಆ ತುದಿ ಚಿಮ್ಮುತ್ತದೆ. ಚೀಲದ ಮೇಲೆ ಇಬ್ಬರಿದ್ದರೆ ಐದೇ ನಿಮಿಷದ ಕೆಲಸ ಅಂತ ಚಿತ್ರ ಸಮೇತ ಬರೆದಿತ್ತು. ಚಿತ್ರದಲ್ಲಿ ಗಂಡ ಹೆಂಡತಿ ಇಬ್ಬರೂ ನಗುತ್ತಿದ್ದರು. ಆ ಗಂಡನಿಗೆ ಅಕ್ಕಪಕ್ಕ ಬೇರೆ ಟೆಂಟು ಇರಲಿಲ್ಲ ಅಂತ ಕಾಣುತ್ತದೆ.

ನೋಡುವ ಚಟ ಇವರಿಗೆ ಹೊಸದೇನಲ್ಲ. ಹೈಸ್ಕೂಲ್ ಹೆಡ್‌ಮಾಸ್ತರರಾಗಿ ರಿಟೈರ್ ಆದವರು. ಧಾರವಾಡದಲ್ಲಿ ಸಂಜೆ ವಾಕಿಂಗ್ ಅಂತ ಹೊರಟರೆ ಕೆಲಗೇರಿ ಕೆರೆ ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತದೆ. ಯಾಕೆಂದರೆ ದಾರಿಯುದ್ದಕ್ಕೂ ಹೊಸ ಮನೆ ಕಟ್ಟುತ್ತಿದ್ದಾರೆ. ಒಂದೊಂದರ ಒಳಗೂ ಹೋಗಬೇಕು. ದೇವರ ಕೋಣೆ ಯಾವ ಮೂಲೆಗೆ ಬಂದಿದೆ, ಅಡುಗೆಮನೆ ಕಟ್ಟೆ ಎಷ್ಟು ಎತ್ತರ, ಸ್ಲ್ಯಾಬಿಗೆ ಸರಿಯಾಗಿ ನೀರು ಹೊಡೆದಿದ್ದಾರೋ ಇಲ್ಲವೋ ನೋಡಬೇಕು. ಗೋಡೆಗೆ ಎರಡು ಸಲ ಗುದ್ದಿ, "ಹೂಂ" ಅಂದು ಹೊರಗೆ ಬರಬೇಕು. ಗೃಹಪ್ರವೇಶಕ್ಕೆ ಕರೆದಾಗ ಮನೆಯೊಡತಿ ಬಚ್ಚಲು ತೋರಿಸಲು ಹೊರಟರೆ, ಇವರೇ ಮುಂದೆ ಹೋಗಿ ದೀಪ ಹಾಕುತ್ತಾರೆ. ಸ್ವಿಚ್ಚು ಎಲ್ಲಿದೆ ಅಂತ ಮೊದಲೇ ಗೊತ್ತು! ಇಷ್ಟರ ಮಟ್ಟಿಗೆ ನನ್ನ ತಕರಾರಿಲ್ಲ. ರಿಟೈರ್ ಆದವರು ಧಾರವಾಡದಲ್ಲಿ ಇನ್ನೇನು ಮಾಡಬೇಕು, ಅಲ್ವಾ?

ರೋಗ ಹೆಚ್ಚಾಗಿದ್ದು ಮಗಳ ಮನೆಗೆ ಅಮೆರಿಕಕ್ಕೆ ಹೋದಾಗ. ಅಳಿಯ ನಮ್ಮನ್ನು ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡಿಗೆ ಕರೆದುಕೊಂಡು ಹೋಗಿದ್ದ. ಕತ್ತೆತ್ತಿ ನೋಡಿದರೆ ಸೆರಗು ಜಾರಬೇಕು, ಅಷ್ಟೆತ್ತರದ ಮರಗಳು. ಇವರು ಅವನ್ನು ಒಂದು ಸಲ ನೋಡಿ ಮುಗಿಸಿದರು. ಅಲ್ಲಿನ ಕ್ಯಾಂಪ್‌ಗ್ರೌಂಡ್ ನೋಡಿ ಮಾತ್ರ ಮರುಳಾದರು. ದುಂಡಗೆ ಒಂದು ಒನ್‌ವೇ ರಸ್ತೆ, ಅದರ ಎರಡೂ ಕಡೆ ನಂಬರ್ ಹಾಕಿದ ಜಾಗ. ಪ್ರತಿ ಜಾಗಕ್ಕೂ ಕಾರು ನಿಲ್ಲಿಸಲು ಸಣ್ಣ ಗಲ್ಲಿ, ಒಂದು ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ. ಸಂಜೆ ಊಟ ಮುಗಿದ ಮೇಲೆ ಅಲ್ಲಿನ ಜನ ನಾಯಿ ಹಿಡಿದುಕೊಂಡು, ಮಕ್ಕಳನ್ನು ಸೈಕಲ್ ಮೇಲೆ ಬಿಟ್ಟು, ಆ ದುಂಡು ರಸ್ತೆಯಲ್ಲಿ ಸುಮ್ನೆ ಸುತ್ತುತ್ತಾರೆ. ಯಾರ ಟೆಂಟು ದೊಡ್ಡದು, ಯಾರು ಆರ್‌ವಿ ಅನ್ನುವ, ಬಸ್ಸಿನಷ್ಟು ಉದ್ದದ ಗಾಲಿ ಮೇಲಿನ ಮನೆ ತಂದಿದ್ದಾರೆ, ಯಾರು ಏನು ಸುಡುತ್ತಿದ್ದಾರೆ, ಎಲ್ಲ ನೋಡುತ್ತಾರೆ. ಕೆಲವರು ಕಾರಿನಲ್ಲೇ ಕೂತು, ಬಸವನಹುಳದ ಸ್ಪೀಡಿನಲ್ಲಿ ಸುತ್ತುತ್ತಾರೆ. ಇದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಕೈಯೆತ್ತಿ ನಗುತ್ತಾರೆ! ಇಡೀ ಜನ್ಮ "ಮಂದಿ ಮನ್ಯಾಗ ಇಣುಕಬ್ಯಾಡ್ರಿ" ಅಂತ ಬೈಸಿಕೊಂಡ ಮನುಷ್ಯನಿಗೆ, ಇಣುಕುವುದಕ್ಕೆಂದೇ ರಸ್ತೆ ಮಾಡಿಕೊಟ್ಟ ದೇಶ ಸಿಕ್ಕಿತ್ತು.

ಆ ರಸ್ತೆಯ ಚರಿತ್ರೆಯನ್ನೂ ಇವರು ಓದಿಕೊಂಡು ಬಂದರು. ಈಗ ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಅದನ್ನೇ ಬಡಿಸುತ್ತಾರೆ. ಮೊದಲು ಅಲ್ಲಿ ಜನ ಕಾರನ್ನು ಮನಸ್ಸಿಗೆ ಬಂದ ಕಡೆ ಮರದ ಬುಡಕ್ಕೇ ನುಗ್ಗಿಸುತ್ತಿದ್ದರು. ಗಾಲಿಯ ಭಾರಕ್ಕೆ, ಕಾಲ್ತುಳಿತಕ್ಕೆ ಮಣ್ಣು ಗಟ್ಟಿಯಾಗಿ ಬೇರಿಗೆ ಪೆಟ್ಟಾಗುತ್ತಿತ್ತು. ಆಗ ಮೈನೆಕೆ ಅಂತ ಮರಗಳ ರೋಗದ ತಜ್ಞನೊಬ್ಬ, 1932ರ ಸುಮಾರಿಗೆ, ಈ ಒನ್‌ವೇ ಸುತ್ತುರಸ್ತೆಯ ನಮೂನೆ ಹಾಕಿಕೊಟ್ಟ. ಕಾರು ರಸ್ತೆ ಬಿಟ್ಟು ಇಳಿಯಬಾರದು, ಮರ ಉಳಿಯಬೇಕು, ಇಷ್ಟೇ ಅವನ ಉದ್ದೇಶ. ಒಬ್ಬರ ಅಡುಗೆ ಇನ್ನೊಬ್ಬರು ನೋಡಲಿ ಅಂತ ಪಾಪ ಅವನು ಕನಸಿನಲ್ಲೂ ಅಂದುಕೊಂಡಿರಲಿಕ್ಕಿಲ್ಲ. ಅಲ್ಲಿ ಇನ್ನೊಂದು ಕಟ್ಟಳೆಯೂ ಇದೆ. ರಸ್ತೆ ಮೇಲಿಂದ ಎಷ್ಟು ಬೇಕಾದರೂ ನೋಡಿ, ಇನ್ನೊಬ್ಬರ ಜಾಗದಲ್ಲಿ ಕಾಲಿಡಬೇಡಿ. ರಾತ್ರಿ ಹತ್ತರ ಮೇಲೆ ಗದ್ದಲ ಮಾಡಬೇಡಿ. ಇವರು ಚರಿತ್ರೆ ತಂದರು, ಕಟ್ಟಳೆಯನ್ನು ಅಲ್ಲೇ ಬಿಟ್ಟು ಬಂದರು.

ಕಲಘಟಗಿ ಕಡೆಯ ಈ ತೋಟದಲ್ಲಿ ಸುತ್ತುರಸ್ತೆ ಎಲ್ಲಿಂದ ಬರಬೇಕು? ಆಪೂಸ್ ಗಿಡಗಳ ಸಾಲಿನ ನಡುವೆ ಎಲ್ಲಿ ನೆರಳಿದೆಯೋ ಅಲ್ಲಿ ಟೆಂಟು ಹಾಕಿದ್ದರು. ನಂಬರೂ ಇರಲಿಲ್ಲ. ಇವರೇ ಮನಸ್ಸಿನಲ್ಲಿ ನಂಬರ್ ಹಾಕಿಕೊಂಡರು. ಗೇಟಿನ ಹತ್ತಿರದ್ದು ಒಂದು, ಬೋರ್‌ವೆಲ್ ಹತ್ತಿರದ್ದು ಆರು. ಆಮೇಲೆ ಕೈ ಹಿಂದೆ ಕಟ್ಟಿಕೊಂಡು, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಸೂಪರ್‌ವಿಜನ್ ಮಾಡುವವರ ಹಾಗೆ, ಸಾಲಿನ ನಡುವೆ ನಿಧಾನ ಹೆಜ್ಜೆ ಹಾಕತೊಡಗಿದರು. ಮೊದಲ ಟೆಂಟಿನ ಮುಂದೆ ಹುಬ್ಬಳ್ಳಿಯ ಕಾಲೇಜು ಹುಡುಗರು ಕೂತಿದ್ದರು. ಇವರನ್ನು ಕಂಡದ್ದೇ ತಡ, ಒಬ್ಬ ಬಾಟಲಿಯನ್ನು ಚಾಪೆ ಕೆಳಗೆ ತಳ್ಳಿದ. ಉಳಿದವರು ಎದ್ದು ನಿಂತು "ನಮಸ್ಕಾರ ಸರ್" ಅಂದರು. ಇವರು ಯಾರಂತ ಅವರಿಗೆ ಗೊತ್ತಿಲ್ಲ. ಆದರೂ ಎದ್ದು ನಿಂತರು. ಆ ನಡಿಗೆಯಲ್ಲೇ ಏನೋ ಇದೆ.

ನಮಸ್ಕಾರ ಬಿದ್ದ ಮೇಲೆ ಕೇಳಬೇಕೆ? ಎರಡನೇ ಟೆಂಟಿನವರಿಗೆ "ಗೂಟ ನೆಟ್ಟಗ ಹೊಡೀಬಾರದ್ರಿ, ಓರೆ ಹೊಡೀಬೇಕು" ಅಂತ ಪಾಠವಾಯಿತು. ಮೂರನೆಯವರಿಗೆ, ಕೆಳಗೆ ಹಾಸಿದ ತಾಡಪಾಲು ಟೆಂಟಿನಿಂದ ಹೊರಗೆ ಚಾಚಿದರೆ ಮಳೆ ನೀರು ಅದರ ಮೇಲೆ ಬಿದ್ದು ಒಳಗೇ ಬರುತ್ತದೆ ಅಂತ ಪಾಠ. ಮಾತು ಎರಡೂ ಖರೆ. ಆದರೆ ಹೇಳುವವರ ಸ್ವಂತ ಟೆಂಟಿಗೆ ಆ ಹೊತ್ತಿಗೆ ಗೂಟವಾಗಿ ನಿಂತವಳು ನಾನು.

ನಾಲ್ಕನೇ ಟೆಂಟಿನ ಹೆಣ್ಣುಮಗಳು ಹಾವೇರಿ ಕಡೆಯವರು. ಈ ಗತ್ತು ನೋಡಿ ತೋಟದ ಮ್ಯಾನೇಜರೇ ಬಂದರು ಅಂತ ತಿಳಿದರು. "ಸಾಹೇಬ್ರ, ಬಚ್ಚಲಾಗ ನೀರ್ ಬರವಲ್ದು ನೋಡ್ರಿ" ಅಂದರು. ನಾನು ಮ್ಯಾನೇಜರ್ ಅಲ್ಲ ಅಂತ ಒಂದು ಮಾತು ಹೇಳಬಹುದಿತ್ತು. ಇವರು ಕಿಸೆಯಿಂದ ಪೆನ್ನು ತೆಗೆದರು! ಹಳೆಯ ಬಸ್ ಟಿಕೆಟಿನ ಹಿಂದೆ "4 - ನೀರು" ಅಂತ ಬರೆದುಕೊಂಡರು. ಹೋಗಿ ಟಾಕಿಯ ವಾಲ್ವು ತಿರುಗಿಸಿ ಬಂದರು. ನೀರು ಬಂತು. ಹಾವೇರಿಯವರು ಆ ಸುದ್ದಿಯನ್ನು ಐದನೇ ಟೆಂಟಿಗೆ ಮುಟ್ಟಿಸಿದರು. ಐದನೆಯವರದು ಬಲ್ಬು. ಹುಡುಗರದು ಮೊಬೈಲ್ ಚಾರ್ಜಿಂಗ್. ಯಾರದೋ ಮಗುವಿಗೆ ಬಿಸಿ ಹಾಲು. ಟಿಕೆಟಿನ ಹಿಂದೆ ಜಾಗ ಮುಗಿದು ಅಂಚಿನಲ್ಲಿ ಬರೆಯುತ್ತಿದ್ದರು. ಮುಖ ನೋಡಬೇಕಿತ್ತು ನೀವು. ರಿಟೈರ್ ಆದ ಮೇಲೆ ಇಷ್ಟು ಕಳೆ ನಾನು ನೋಡಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಆರನೇ ಟೆಂಟಿನವರು ಹೊದಿಕೆ ಸಾಲುತ್ತಿಲ್ಲ, ಇನ್ನೊಂದು ಕೊಡಿ ಅಂದರು. ಇವರು ನಮ್ಮ ಟೆಂಟಿಗೆ ಬಂದರು. ಆ ಹೊತ್ತಿಗೆ ನಾನು ಅದನ್ನು ಹೇಗೋ ಒಬ್ಬಳೇ ನಿಲ್ಲಿಸಿದ್ದೆ. ಒಂದು ಕಡೆ ಒಳಕ್ಕೆ ಜಗ್ಗಿತ್ತು, ಇನ್ನೊಂದು ಕಡೆ ಹಗ್ಗ ಕಾರಿನ ಹಿಡಿಕೆಗೆ ಕಟ್ಟಿತ್ತು. ಅದರ ಬಗ್ಗೆ ಒಂದು ಮಾತಿಲ್ಲ. ಒಳಗೆ ಬಗ್ಗಿ ನನ್ನ ಕೌದಿ ಎತ್ತಿಕೊಂಡರು. ನಮ್ಮ ಅವ್ವ ಹಳೆ ಇಳಕಲ್ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ ಅದು.

"ಎಲ್ಲಿಗ್ರಿ?"

"ಆರನೇ ನಂಬರಿಗೆ. ಪಾಪ, ಸಣ್ಣ ಹುಡುಗ್ರದಾವ, ಥಂಡಿ ಐತಿ."

"ನನಗ?"

"ನೀ ಸ್ವೆಟರ್ ಹಾಕ್ಕೊಂಡೀಯಲ್ಲ."

ತೋಟದ ಖರೆ ಮ್ಯಾನೇಜರ್ ಒಬ್ಬ ಇದ್ದ. ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗ. ಎಂಟೂವರೆಗೆ ಅವನೇ ಇವರ ಹತ್ತಿರ ಬಂದು, ಕೈ ಕಟ್ಟಿ ನಿಂತು, "ಸರ್, ಊಟ ಶುರು ಮಾಡೂಣ್ರಿ?" ಅಂತ ಕೇಳಿದ. ಇವರು ಗಡಿಯಾರ ನೋಡಿ ಪರವಾನಗಿ ಕೊಟ್ಟರು.

ಊಟವಾದ ಮೇಲೆ ಮಲಗಬೇಕೋ ಬೇಡವೋ? "ಕಾರ್ ತಗೊಂಡ್ ಒಂದ್ ರೌಂಡ್ ಹೋಗೂಣು, ಅಮೆರಿಕಾದಾಗ ಹೋಗತಿದ್ರಲ್ಲ, ಹಂಗ" ಅಂದರು. ಕಾರಿನ ಹಿಡಿಕೆಗೆ ನಮ್ಮ ಟೆಂಟು ಕಟ್ಟಿದೆ ಅಂತ ನೆನಪು ಮಾಡಿದೆ. ಹಗ್ಗ ಬಿಚ್ಚಿದರು. ಟೆಂಟು ನಿಟ್ಟುಸಿರು ಬಿಟ್ಟು ಮಲಗಿತು. ಒಂದನೇ ಗೇರಿನಲ್ಲಿ, ಮಾವಿನ ಬೇರುಗಳ ಮೇಲೆ ಕುಪ್ಪಳಿಸುತ್ತ ಹೊರಟೆವು. ಆ ಮೈನೆಕೆ ನೋಡಿದ್ದರೆ ಅಲ್ಲೇ ಅಡ್ಡ ಮಲಗುತ್ತಿದ್ದ. ಹೆಡ್‌ಲೈಟು ಬಿದ್ದ ಟೆಂಟು ಸಿನಿಮಾ ಪರದೆಯ ಕೆಲಸ ಮಾಡುತ್ತದೆ ಅಂತ ನನಗೆ ಅವತ್ತು ಗೊತ್ತಾಯಿತು. ಒಳಗೆ ಯಾರೋ ಸ್ವೆಟರ್ ತಲೆಯೊಳಗಿಂದ ಎಳೆದುಕೊಳ್ಳುತ್ತಿದ್ದರು. ಕೈಯೆರಡೂ ಮೇಲೆ ಸಿಕ್ಕಿಕೊಂಡಿದ್ದವು. ಒಳಗಿಂದ ಕೂಗು ಬಂತು. "ಯಾವನಲೇ ಅಂವಾ, ಲೈಟ್ ಹೊಡ್ಯಾಂವಾ!"

ಇವರು ಕಾಜು ಇಳಿಸಿ, ಕತ್ತು ಹೊರಗೆ ಹಾಕಿ, ಶಾಂತವಾಗಿ ಹೇಳಿದರು. "ನಾನ್ರೀ. ಮ್ಯಾನೇಜರ್."

ನಾನು ಸೀಟಿನಲ್ಲಿ ಕೆಳಕ್ಕೆ ಸರಿದೆ. ಇನ್ನಷ್ಟು ಸರಿಯಲು ಜಾಗವಿರಲಿಲ್ಲ.

ಆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು. ಥಂಡಿಗೆ ಹೆದರಿ ಇವರು, ಮತ್ತೆ ಎಬ್ಬಿಸಿ ನಿಲ್ಲಿಸಿದ ಟೆಂಟಿನ ಕಿಟಕಿಯ ಜಿಪ್ಪು ಪೂರ್ತಿ ಎಳೆದಿದ್ದರು. ಗಾಳಿಯಾಡದಿದ್ದರೆ ನಮ್ಮ ಉಸಿರೇ ತಣ್ಣನೆಯ ಬಟ್ಟೆಗೆ ತಾಕಿ ನೀರಾಗುತ್ತದೆ. ಬೆಳಗಿನ ಜಾವಕ್ಕೆ ಒಂದೊಂದೇ ಹನಿ ಹಣೆಗೆ ಬೀಳತೊಡಗಿತು. ಸುಮ್ನೆ ಮಲಗಿಕೊಂಡು ಎಲ್ಲಮ್ಮನ ಗುಡ್ಡ ನೆನಸಿಕೊಂಡೆ.

ನನ್ನ ತವರು ನವಲಗುಂದ ಕಡೆ. ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಸವದತ್ತಿಗೆ ಹೋಗುತ್ತಿದ್ದೆವು. ಚಕ್ಕಡಿ ಬಿಟ್ಟಲ್ಲೇ ನಮ್ಮ ಮನೆ. ನೊಗಕ್ಕೆ ಕಂಬಳಿ ಕಟ್ಟಿದರೆ ಮಾಡು, ಮೂರು ಕಲ್ಲಿಟ್ಟರೆ ಒಲೆ. ಕಣ್ಣು ಹಾಯುವಷ್ಟು ದೂರ ಚಕ್ಕಡಿ, ಹೊಗೆ, ಎತ್ತಿನ ಗಂಟೆ. ಪಡ್ಡಲಗಿ, ಅಂದರೆ ದೇವಿಯ ಎಡೆಯ ಬುಟ್ಟಿ, ತುಂಬಿಸಿದ ಮೇಲೆ ಅವ್ವ ಒಂದು ತಾಟಿನಲ್ಲಿ ಕಡುಬು, ಬದನೆಕಾಯಿ ಪಲ್ಯ ಹಾಕಿ, ಮೇಲೆ ಬಟ್ಟೆ ಮುಚ್ಚಿಕೊಂಡು, ಗುರುತಿಲ್ಲದ ಚಕ್ಕಡಿಗಳ ಕಡೆ ಹೊರಡುತ್ತಿದ್ದಳು. ಅವಳ ಸೆರಗು ಹಿಡಿದು ನಾನು. "ಯಾವೂರವ್ವ? ಏನ್ ಅಡಗಿ ಮಾಡೀರಿ?" ಅಷ್ಟೇ ಪರಿಚಯ. ಅವರ ಒಲೆ ನೋಡುವಳು, ಎತ್ತು ನೋಡುವಳು, ಹೊಸ ಸೊಸೆಯನ್ನು ನೋಡುವಳು. ತಾಟು ಬರುವಾಗ ಬೇರೆ ಊರಿನ ಹೋಳಿಗೆ ತುಂಬಿಕೊಂಡು ಬರುತ್ತಿತ್ತು. ನಮ್ಮ ಚಕ್ಕಡಿ ನೋಡಲೂ ಹಂಗೇ ಹೆಂಗಸರು ಬರುತ್ತಿದ್ದರು. ಕಂಬಳಿಗೆ ಜಿಪ್ಪು ಇರಲಿಲ್ಲವಲ್ಲ. ಅವ್ವ ಹೋಗಿ ಬಹಳ ವರ್ಷವಾಯಿತು. ಅವಳ ಕೌದಿ ಆ ರಾತ್ರಿ ಆರನೇ ನಂಬರಿನಲ್ಲಿ ಯಾರದೋ ಮಕ್ಕಳ ಮೇಲಿತ್ತು. ಅವಳಿದ್ದಿದ್ದರೆ ಅಳಿಯನ ಪಕ್ಷವನ್ನೇ ವಹಿಸುತ್ತಿದ್ದಳು. ಮೊದಲಿಂದಲೂ ಹಂಗೇ ಮಾಡಿದವಳು.

ನನಗೆ ಸಿಟ್ಟು ತರಿಸಿದ ಇನ್ನೊಂದು ಮಾತು ಹೇಳಲೇಬೇಕು. ಇಡೀ ತೋಟದ ಟೆಂಟು ಇವರು ನೋಡಿ ಬಂದರು. ನಾನು ಒಬ್ಬಳೇ ನಿಲ್ಲಿಸಿದ ನಮ್ಮ ಟೆಂಟು ನೋಡಲು ಒಂದು ನರಪಿಳ್ಳೆಯೂ ಬರಲಿಲ್ಲ.

ಬೆಳಿಗ್ಗೆ ಇವರು ಕೌದಿ ತರಲು ಹೋದವರು ತಾಸಾದರೂ ಬರಲಿಲ್ಲ. ದಾರಿಯಲ್ಲಿ ಗದಗಿನವರ ಕಾರು ಸಿಕ್ಕಿತ್ತು. ಕಾರಿನ ತಲೆ ಮೇಲೆ ಬಿಚ್ಚಿಕೊಳ್ಳುವ ಟೆಂಟು, ಹತ್ತಲು ಏಣಿ. ಅವರ ಹೊಲ ಕಪ್ಪತಗುಡ್ಡದ ಬುಡದಲ್ಲಂತೆ. "2019ರಾಗ ಗುಡ್ಡಾನ ವನ್ಯಜೀವಿ ಧಾಮ ಮಾಡಿದ್ರಲ್ರಿ. ಚಿರತಿ ಅದಾವ, ತ್ವಾಳ ಅದಾವ. ನೆಲದ ಮ್ಯಾಲೆ ಯಾರ್ ಮಲಗ್ತಾರ? ಮ್ಯಾಲ ನಮ್ಮದು ಎರಿ ನೆಲ. ಬ್ಯಾಸಿಗಿಯಾಗ ಬಿರಕು ಬಿಟ್ರ ಗೂಟ ಹೊಡದದ್ದು ಸಿಗೂದೇ ಇಲ್ಲ" ಅಂತ ವಿವರಿಸಿದರಂತೆ. ಇವರು ಏಣಿ ಹತ್ತಿ ಒಳಗೆ ಮಲಗಿ ನೋಡಿದರಂತೆ. ಅವರು ಸುಟ್ಟ ಸೀತನಿ, ಅಂದರೆ ಎಳೆ ಜೋಳದ ಕಾಳು, ತಿಂದರಂತೆ, ಜೊತೆಗೆ ಶೇಂಗಾ ಚಟ್ನಿ. ನನಗೆ ತಂದಿದ್ದು ಕೈಯ ವಾಸನೆ ಮಾತ್ರ.

ವಾಪಸ್ ಬರುವಾಗ ಕಾರಿನಲ್ಲಿ ಇನ್ನೊಂದು ಸುದ್ದಿ ಹೊರಬಿತ್ತು. "ಗದಗಿನವರು ಈ ರವಿವಾರ ಬರತಾರ" ಅಂದರು.

"ಯಾಕ್ರಿ?"

"ನಮ್ಮ ಮನಿ ನೋಡಾಕ. ಹಾವೇರಿಯವರಿಗೂ ಹೇಳೀನಿ. ಎಲ್ಲಾ ಕಡೆ ಅಡ್ಡಾಡಿ ನೋಡ್ರಿ, ಹಿತ್ತಲಾನೂ ನೋಡ್ರಿ ಅಂದೀನಿ."

ಅದಕ್ಕೇ ನೋಡಿ, ಬೆಳಗಿನಿಂದ ಅಟ್ಟ ಇಳಿಸಿ ಧೂಳು ಹೊಡೆಯುತ್ತಿದ್ದೇನೆ. ಹಿತ್ತಲಲ್ಲಿ ನಾಲ್ಕು ವರ್ಷದ ತೆಂಗಿನ ಸಿಪ್ಪೆ ಇದೆ. ಬಚ್ಚಲ ಬಾಗಿಲ ಚಿಲಕ ಕಿತ್ತಿದೆ. ಎಷ್ಟು ಮಂದಿ ಬರುತ್ತಾರೋ ಲೆಕ್ಕವಿಲ್ಲ, ಗಿರ್ಮಿಟ್‌ಗೆ ಚುರಮರಿ ಎಷ್ಟು ತರಿಸಬೇಕೋ ತಿಳಿಯದು. ಮಿರ್ಚಿಗೆ ಹಿಟ್ಟು ಕಲೆಸುವುದು ನಾನು, ಕರಿಯುವುದೂ ನಾನು. ಮೆಣಸಿನಕಾಯಿ ತರಲು ಇವರನ್ನು ಸಂತೆಗೆ ಕಳಿಸಿ ಎರಡು ತಾಸಾಯಿತು. ನಮ್ಮ ಓಣಿಯ ಮೂಲೆಯಲ್ಲಿ ಯಾರೋ ಹೊಸ ಮನೆಗೆ ಇವತ್ತೇ ಸ್ಲ್ಯಾಬ್ ಹಾಕುತ್ತಿದ್ದಾರೆ. ಬಂದಂಗೇ ಅವರು.