ಒಂದು ಮಾತ್ರೆ ಎಲ್ಲಿ ಹೋಯಿತು?

ನಿನ್ನೆ ಸಂಜೆ ಗದುಗಿನ ನಮ್ಮ ಮನೆಯಲ್ಲಿ ಮಗಳು ಕುಮಾರವ್ಯಾಸನ ಪದ್ಯಕ್ಕೆ ಪ್ರಸ್ತಾರ ಹಾಕುತ್ತಾ, ಅಂದರೆ ಅಕ್ಷರಗಳ ಮೇಲೆ ಗುರುತು ಹಾಕಿ ಮಾತ್ರೆ (ಅಕ್ಷರ ಉಚ್ಚರಿಸುವ ಕಾಲದ ಅಳತೆ) ಎಣಿಸುತ್ತಾ ಕೂತಿದ್ದಳು. "ಅಪ್ಪಾ, 14 ಮಾತ್ರೆ ಬರಬೇಕು. 13 ಅಷ್ಟ ಬರಾಕತ್ತಾವು" ಅಂದಳು. ಪದ್ಯ ಇದು:

ಹಲಗೆ ಬಳಪವ ಪಿಡಿಯದೊಂದ
ಗ್ಗಳಿಕೆ ಪದವಿಟ್ಟಳುಪದೊಂದ
ಗ್ಗಳಿಕೆ ಪರರೊಡ್ಡವದ ರೀತಿಯ ಕೊಳ್ಳದಗ್ಗಳಿಕೆ
ಬಳಸಿ ಬರೆಯಲು ಕಂಠಪತ್ರದ
ಉಲುಹುಗೆಡದಗ್ಗಳಿಕೆಯೆಂಬೀ
ಬಲುಹು ಗದುಗಿನ ವೀರನಾರಾಯಣನ ಕಿಂಕರಗೆ

ಮೊದಲ ಸಾಲನ್ನಷ್ಟೇ ಬರೆದುಕೊಂಡು ಎಣಿಸಿದ್ದಳು. ಕೊನೆಯ 'ದ'ಕ್ಕೆ ಲಘು, ಅಂದರೆ ಒಂದು ಮಾತ್ರೆಯ ಗುರುತು, ಹಾಕಿದ್ದಳು. ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅಂದರೆ ಎರಡು ಮಾತ್ರೆ. ಆ 'ದ' ಗುರು ಆಗುವುದು ಮುಂದಿನ ಸಾಲಿನ 'ಗ್ಗ' ಬಂದು ತಾಗಿದಾಗ. ಸಾಲು ಮುಗಿಯಿತು ಅಂತ ನಿಂತರೆ ಒಂದು ಮಾತ್ರೆ ಹೋಯಿತು. ನಿಲ್ಲುವ ಹಾಗೇ ಇಲ್ಲ!

ಈ ಪದ್ಯ ಇರುವುದು ಭಾಮಿನಿ ಷಟ್ಪದಿ ಎಂಬ ಆರು ಸಾಲಿನ ಛಂದಸ್ಸಿನಲ್ಲಿ. ಅದರ ಮಾತ್ರೆಯ ಲೆಕ್ಕ ಶಾಲೆಯಲ್ಲಿ ಕಲಿತವರಿಗೆ ಗೊತ್ತು. ಚಿಕ್ಕ ಸಾಲಿಗೆ 3-4-3-4. ಮೂರನೆಯ, ಆರನೆಯ ಸಾಲಿಗೆ 3-4 ಮೂರು ಸಲ, ಕೊನೆಗೊಂದು ಗುರು, ಒಟ್ಟು 23. ಪರೀಕ್ಷೆಗೆ ಇಷ್ಟು ಸಾಕು. ಆದರೆ ಇಲ್ಲಿ ಕವಿ ಏನು ಹೇಳುತ್ತಿದ್ದಾನೆ ನೋಡಿ. ಹಲಗೆ ಬಳಪ ಹಿಡಿದು ತಿದ್ದಿ ಬರೆದವನಲ್ಲ ನಾನು. ಇಟ್ಟ ಪದ ಅಳಿಸಿದವನಲ್ಲ. ಇನ್ನೊಬ್ಬರ ರೀತಿ ಎರವಲು ತಂದವನಲ್ಲ. ಓಲೆಯ ಮೇಲೆ ಕಂಠದ, ಅಂದರೆ ಬರೆಯುವ ಲೋಹದ ಕಡ್ಡಿಯ, ಸದ್ದು ನಿಂತದ್ದೇ ಇಲ್ಲ. ಬರೆಯುವ ಕೈ ನಿಲ್ಲಲಿಲ್ಲ ಅನ್ನುವ ಮಾತನ್ನು ಓದುವ ಬಾಯಿ ನಿಲ್ಲದ ಹಾಗೆ ಕಟ್ಟಿದ್ದಾನೆ. 'ಅಗ್ಗಳಿಕೆ' (ಹಿರಿಮೆ) ಎರಡು ಸಲ ಸಾಲಿನ ಅಂಚಿನಲ್ಲಿ ಸೀಳಿ, ಉಸಿರನ್ನು ಕೆಳಗೆ ಎಳೆಯುತ್ತದೆ. ಮೂರನೆಯ ಸಲ ಇಡಿಯಾಗಿ ಬರುತ್ತದೆ, ಉದ್ದ ಸಾಲಿನ ಕೊನೆಗೆ. ಅಲ್ಲಿ ಮೊದಲ ಸಲ ಉಸಿರು ಬಿಡಬಹುದು. ಸುಮ್ನೆ ಕಣ್ಣಲ್ಲಿ ಓದಿದರೆ ಇದು ಸಿಗುವುದಿಲ್ಲ. ಪ್ರಸ್ತಾರ ಹಾಕಿಸುವ ಮೊದಲು ಮಕ್ಕಳಿಂದ ಪದ್ಯವನ್ನು ಜೋರಾಗಿ ಓದಿಸಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳ ನಾಡಲ್ವಾ ನಮ್ಮದು?

ಇನ್ನು ಪದ್ಯದ ಭಾವ. ಇದನ್ನು ಜಂಬದ ಪದ್ಯ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಐದು ಸಾಲು ಅಗ್ಗಳಿಕೆ ಅಗ್ಗಳಿಕೆ ಅಂತ ಏರುತ್ತದೆ, ನಿಜ. ಆದರೆ ಈ ಬಲುಹು, ಈ ಶಕ್ತಿ, ಯಾರದು? ಉತ್ತರಕ್ಕೆ ಕೊನೆಯ ಪದದವರೆಗೆ ಕಾಯಬೇಕು. ಕವಿಗೆ ಅನ್ನಲಿಲ್ಲ, ಪಂಡಿತನಿಗೆ ಅನ್ನಲಿಲ್ಲ. ಕಿಂಕರಗೆ ಅಂದ. ಗದುಗಿನ ದೇವರು ವೀರನಾರಾಯಣನ ಆಳಿಗೆ.

ಮಗಳಿಗೆ ಮತ್ತೊಮ್ಮೆ ಜೋರಾಗಿ ಓದು ಅಂದೆ. ಎರಡು ಸಾಲು ದಾಟಿ 'ಕೊಳ್ಳದಗ್ಗಳಿಕೆ'ಗೆ ಬಂದು ಉಸಿರು ಬಿಟ್ಟಳು. ಆಮೇಲೆ ಪೆನ್ಸಿಲ್ ತೆಗೆದುಕೊಂಡು 'ದ'ದ ಮೇಲಿನ ಗುರುತು ತಿದ್ದಿದಳು.