ಸ್ಪಷ್ಟನೆ: ಶೆಟ್ಟಿಹಳ್ಳಿ ಚರ್ಚ್ ಫ್ರೀಮೇಸನ್ ಲಾಡ್ಜ್ ಅಲ್ಲ

ಹಾಸನದ ವಾಟ್ಸಾಪ್ ಗ್ರೂಪ್‌ಗಳಲ್ಲಿ ಶೆಟ್ಟಿಹಳ್ಳಿಯ ಮುಳುಗುವ ಚರ್ಚಿನ ಫೋಟೋ ಓಡಾಡ್ತಿದೆ. 'ಇದು ಬ್ರಿಟಿಷರ ಫ್ರೀಮೇಸನ್ ಲಾಡ್ಜ್, ಹಾಸನ ಪೇಟೆ ಬೆಳೆದ ಮೇಲೆ ಖಾಲಿ ಮಾಡಿದರು' ಅಂತ ಅದರ ಕೆಳಗೆ ಬರೆದಿದ್ದಾರೆ. ಎರಡೂ ತಪ್ಪು. (ಫ್ರೀಮೇಸನ್ ಅಂದರೆ ಗುಟ್ಟಿನ ಆಚರಣೆಗಳಿರುವ, ಯುರೋಪಿನ ಒಂದು ಹಳೇ ಸಂಘ. ಲಾಡ್ಜ್ ಅಂದರೆ ಅದರ ಶಾಖೆ, ಆ ಶಾಖೆಯವರು ಸೇರುವ ಜಾಗ.)

ಇದು 1860ರ ಆಸುಪಾಸಿನಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಕ್ಯಾಥೋಲಿಕ್ ಚರ್ಚ್. ಕ್ಯಾಥೋಲಿಕರು ಫ್ರೀಮೇಸನ್ ಸಂಘ ಸೇರಬಾರದು ಅಂತ ಪೋಪ್ 1738ರಲ್ಲೇ ಆಜ್ಞೆ ಹೊರಡಿಸಿದ್ದರು. ಹಾಗಿರುವಾಗ ಪಾದ್ರಿಗಳೇ ಅವರಿಗೆ ಕಟ್ಟಡ ಕಟ್ಟಿಕೊಡ್ತಾರಾ? ಜನ ಅಲ್ಲಿಂದ ಎದ್ದದ್ದು ಪೇಟೆ ಬೆಳೆದದ್ದಕ್ಕಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಹಿನ್ನೀರು ಊರಿಗೆ ನುಗ್ಗಿತು. ಈಗಲೂ ಮಳೆಗಾಲದಲ್ಲಿ ಚರ್ಚ್ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ನಡೆದೇ ಒಳಗೆ ಹೋಗಬಹುದು.

ಗೊಂದಲಕ್ಕೆ 'ಲಾಡ್ಜ್' ಅನ್ನೋ ಪದವೂ ಕಾರಣ ಇರಬಹುದು. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಲಾಡ್ಜ್ ಎಲ್ಲಿ ಅಂದರೆ ಬಾಡಿಗೆ ರೂಮು ತೋರಿಸ್ತಾರೆ, ಅಲ್ವಾ? ಯುರೋಪಿನಲ್ಲಿ ಅದು ಮೊದಲು ಕಲ್ಲುಕುಟಿಗರು ಕೆಲಸದ ಜಾಗದಲ್ಲಿ ಹಾಕಿಕೊಳ್ಳುತ್ತಿದ್ದ ಗುಡಿಸಲು. ಆಮೇಲೆ ಫ್ರೀಮೇಸನ್ ಸಂಘದ ಶಾಖೆಗಳಿಗೇ ಆ ಹೆಸರು ಬಂತು ('ಮೇಸನ್' ಅಂದರೆ ಕಲ್ಲುಕುಟಿಗ). 1717ರಲ್ಲಿ ಲಂಡನ್ನಿನ 4 ಲಾಡ್ಜ್‌ಗಳು ಸೇರಿ ತಮ್ಮೆಲ್ಲರ ಮೇಲೊಂದು ಸಂಸ್ಥೆ, ಅಂದರೆ ಗ್ರ್ಯಾಂಡ್ ಲಾಡ್ಜ್, ಮಾಡಿಕೊಂಡವು. ಭಾರತಕ್ಕೇ ಪ್ರತ್ಯೇಕವಾದ ಗ್ರ್ಯಾಂಡ್ ಲಾಡ್ಜ್ ಶುರುವಾದದ್ದು 1961ರಲ್ಲಿ.

ಹಳೇ ಕಮಾನು ಕಂಡಲ್ಲೆಲ್ಲ ಗುಪ್ತ ಸಂಘ ಹುಡುಕೋದು ಸುಮ್ನೆ ಮಜಾಕ್ಕೆ ಸರಿ. ಆದರೆ ಈ ಫೋಟೋ ಫಾರ್ವರ್ಡ್ ಮಾಡಿದ್ದವರು ದಯವಿಟ್ಟು ಅದೇ ಗ್ರೂಪಿಗೆ ಇದನ್ನೂ ಹಾಕಿ.