ನಾಳೆ ಬನ್ನಿ ಮಾರಾಯ್ರೆ

ಈಗಷ್ಟೇ ಮನೆಗೆ ಬಂದೆ. ಚಪ್ಪಲಿಯ ಕೆಸರು ಒಣಗುವ ಮೊದಲೇ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. "ಅವನು ಹೇಳಿದ್ದು ನಿಮಗಲ್ಲವಲ್ಲ, ನಿಮಗ್ಯಾಕೆ ಉರಿ?" ಎಂದು ಹೆಂಡತಿ ಆಗಲೇ ಕೇಳಿಯಾಗಿದೆ.

ಪೆನ್ನಿನ ರೀಫಿಲ್ ತರಲು ರಥಬೀದಿಯ ಹತ್ತಿರದ ಅಂಗಡಿಯೊಂದಕ್ಕೆ ಹೋಗಿದ್ದೆ. (ಹೌದು, ಇನ್ನೂ ರೀಫಿಲ್ ಹಾಕಿಯೇ ಬರೆಯುತ್ತೇನೆ. ನಗುವವರು ನಗಿ.) ಆಟಿಯ ಮಳೆ ಹೇಗೆ ಸುರಿಯುತ್ತದೆಂದು ಉಡುಪಿಯವರಿಗೆ ಹೇಳಬೇಕಾಗಿಲ್ಲ. ಆ ಮಳೆಯಲ್ಲಿ ಪಿಗ್ಮಿಯವರು, ಅಂದರೆ ಮನೆ-ಅಂಗಡಿಗಳಿಗೇ ಬಂದು ದಿನದಿನದ ಉಳಿತಾಯದ ಹಣವನ್ನು ಬ್ಯಾಂಕಿಗಾಗಿ ಸಂಗ್ರಹಿಸುವವರು, ಬಂದರು. ವಯಸ್ಸು ಐವತ್ತೈದು ದಾಟಿರಬೇಕು. ರೈನ್‌ಕೋಟಿನೊಳಗೂ ಅಂಗಿ ಒದ್ದೆ. ರಸೀದಿ ಕೊಡುವ ಯಂತ್ರ ಮಾತ್ರ ಎರಡು ಪ್ಲಾಸ್ಟಿಕ್ ಚೀಲಗಳ ಒಳಗೆ ಬೆಚ್ಚಗಿತ್ತು. ಅಂಗಡಿಯ ಹುಡುಗ ಮೊಬೈಲಿನಿಂದ ತಲೆ ಎತ್ತದೆ ಹೇಳಿದ, "ನಾಳೆ ಬನ್ನಿ ಮಾರಾಯ್ರೆ, ಈಗ ಪುರುಸೊತ್ತಿಲ್ಲ."

ಅಂಗಡಿಯಲ್ಲಿದ್ದ ಗಿರಾಕಿ ನಾನೊಬ್ಬನೇ. ನನಗೆ ಬೇಕಾದದ್ದು ಹತ್ತು ರೂಪಾಯಿಯ ರೀಫಿಲ್.

ಪಿಗ್ಮಿಯವರು "ಆಯಿತು" ಎಂದು ಇಳಿದು ಹೋದರು. ಹುಡುಗ ಆಮೇಲೆ ಮೊಬೈಲನ್ನು ನನ್ನ ಕಡೆ ತಿರುಗಿಸಿದ. ಭಾನುವಾರ ಯಾರದೋ ಭಾಷಣಕ್ಕೆ ಹೋಗಿದ್ದನಂತೆ, ಬದುಕೇ ಬದಲಾಯಿತಂತೆ. ಸೂರ್ಯೋದಯದ ಚಿತ್ರ, ಕೆಳಗೆ "ಪ್ರತಿದಿನ ಮೂವರಿಗೆ ಕೃತಜ್ಞತೆ ಸಲ್ಲಿಸಿ". ಅದನ್ನೇ ಸ್ಟೇಟಸ್‌ಗೆ ಹಾಕುತ್ತಿದ್ದ. ಪುರುಸೊತ್ತಿಲ್ಲದೆ ಹೋದದ್ದು ಆ ಕೆಲಸದಿಂದ!

ದೆವ್ವ ಬಾರದಿರಲಿ ಎಂದು ಘಟ್ಟದ ಮೇಲಿನವರು ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದರಂತೆ. ಭೂತಕ್ಕೂ ಕೋಲ ಕೊಟ್ಟು ಕೈಮುಗಿಯುವ ನಾವು, ನಮ್ಮದೇ ದುಡ್ಡನ್ನು ಜೋಪಾನ ಮಾಡಲು ಬಂದವರಿಗೆ ನಾಳೆ ಬನ್ನಿ ಎನ್ನುತ್ತೇವೆ.

ಬೆಂಗಳೂರಿನ ಮದುವೆ ಮನೆಗಳಲ್ಲಿ ಮಾತ್ರ ನಮ್ಮ ಎದೆ ಎಷ್ಟು ಉಬ್ಬುತ್ತದೆ! ನಮ್ಮದು ಬ್ಯಾಂಕುಗಳ ತೊಟ್ಟಿಲು, 1906ರಲ್ಲಿ ಮಂಗಳೂರಿನಲ್ಲೊಂದು ಉಡುಪಿಯಲ್ಲೊಂದು, 1925ರಲ್ಲಿ ಉಡುಪಿಯಲ್ಲೇ ಮತ್ತೊಂದು, ಎಂದು ಊಟದ ಪಂಕ್ತಿಯಲ್ಲಿ ಕೂತು ಲೆಕ್ಕ ಒಪ್ಪಿಸುತ್ತೇವೆ. ಆ ಮೂರನೆಯದು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಆರಂಭಿಸಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರ ಮನೆಯ ಮೆಟ್ಟಿಲನ್ನು ಬ್ಯಾಂಕೇ ಹತ್ತಿತು ಎಂದು ನಾನೂ ಎಷ್ಟೋ ಸಲ ಜಂಬದಿಂದ ಹೇಳಿದ್ದೇನೆ. ಆದರೆ ಮೆಟ್ಟಿಲು ಹತ್ತಿದ್ದು ಬ್ಯಾಂಕಿನ ಕಟ್ಟಡವಲ್ಲವಲ್ಲ. ಕೊಡೆ ಹಿಡಿದ ಒಬ್ಬ ಮನುಷ್ಯ.

"ಪುಕ್ಕಟೆ ಮಾಡುತ್ತಾರೆಯೇ, ಕಮಿಷನ್ ಸಿಗುವುದಿಲ್ಲವೇ?" ಎಂದು ಕೇಳುವವರು ಕೆಳಗೆ ಬಂದೇ ಬರುತ್ತೀರಿ, ನನಗೆ ಗೊತ್ತು. ಸಿಗುತ್ತದೆ ಸ್ವಾಮಿ, ಸಂಗ್ರಹವಾದ ಹಣದ ಮೇಲೆ. "ನಾಳೆ ಬನ್ನಿ"ಯ ಮೇಲೆ ಯಾವ ಬ್ಯಾಂಕೂ ಕಮಿಷನ್ ಕೊಡುವುದಿಲ್ಲ. ಆ ಕಮಿಷನ್ ಕೂಡ ಕೂಲಿಯೇ, ಇವರೂ ಕಾರ್ಮಿಕರೇ ಎಂದು ಹೇಳಲು 2001ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ಇನ್ನು "ಈಗ ಎಲ್ಲ ಮೊಬೈಲಿನಲ್ಲೇ ಆಗುತ್ತದಲ್ಲ" ಎನ್ನುವವರಿಗೆ ಉತ್ತರ ಕೊಡುವುದಿಲ್ಲ. ಮೊಬೈಲ್ ಕೈಯಲ್ಲಿದ್ದವನ ಸಂಗತಿಯನ್ನೇ ಇಷ್ಟು ಹೊತ್ತು ಹೇಳಿದ್ದು.

ಅಷ್ಟಕ್ಕೂ ಕಮಿಷನ್ ಮಾತು ನನ್ನ ಹತ್ತಿರ ಬೇಡ. ನಾನು ಸಂಬಳ ತೆಗೆದುಕೊಂಡವನು. ಗೋಳಿಬಜೆ ತಿನ್ನುತ್ತಾ ಕೂತ ಹೊತ್ತಿಗೂ ಸಂಬಳ ಬಂದಿದೆ. ಈ ಮಾತು ಬರೆಯಬಾರದೆಂದುಕೊಂಡಿದ್ದೆ, ಬಂದುಬಿಟ್ಟಿತು.

ಅಮ್ಮ ಬೀಡಿ ಕಟ್ಟುತ್ತಿದ್ದದ್ದು ಹಳೆಯ ಗೆಳೆಯರಿಗೆ ಗೊತ್ತಿದೆ. ಬೀಡಿ ಬ್ರಾಂಚಿನಿಂದ ಬಂದ ಮಜೂರಿಯಲ್ಲಿ ದಿನಕ್ಕೆ ಎರಡು ರೂಪಾಯಿ ತೆಗೆದಿಟ್ಟು ಪಿಗ್ಮಿ ಕಟ್ಟುತ್ತಿದ್ದಳು. ಸಂಜೆ ಅಂಗಳದ ತುದಿಯಲ್ಲಿ ಕೊಡೆ ಕಂಡರೆ "ಪಿಗ್ಮಿದಾರ್ ಬತ್ತೆರ್" ಎಂದು ಒಳಗೆ ಕೂಗುತ್ತಿದ್ದವನು ನಾನೇ. ಅಮ್ಮ ಮೊದಲು ಬೆಲ್ಲ ಮತ್ತು ನೀರು ತಂದಿಡುವಳು, ಆಮೇಲೆ ಸೆರಗಿನ ಗಂಟು ಬಿಚ್ಚುವಳು. ಕೃತಜ್ಞತೆ ಎಂಬ ಪದ ಅವಳ ಬಾಯಲ್ಲಿ ನಾನು ಕೇಳಿಯೇ ಇಲ್ಲ. ದುಡ್ಡು ಇಲ್ಲದ ದಿನವೂ ಬೆಲ್ಲ ನೀರು ತಪ್ಪುತ್ತಿರಲಿಲ್ಲ. ನಾನು ಪಿಯುಸಿಗೆ ಸೇರಿದ್ದು ಆ ಎರಡೆರಡು ರೂಪಾಯಿಗಳಿಂದ.

ಓದಿದೆ, ಬ್ಯಾಂಕಿಗೆ ಸೇರಿದೆ, ನಗದು ಕೌಂಟರಿನಲ್ಲಿ ಕೂತೆ. ದಿನದ ಕೊನೆಗೆ ಪಿಗ್ಮಿಯವರು ಚಿಲ್ಲರೆ ತುಂಬಿದ ಚೀಲ ಹಿಡಿದು ಸಾಲು ನಿಲ್ಲುತ್ತಿದ್ದರು. ಆ ಚಿಲ್ಲರೆ ಕಂಡರೆ ನನಗೆ ಎಲ್ಲಿಲ್ಲದ ಸಿಟ್ಟು. ಒಂದು ಸಂಜೆ ಗೋಳಿಬಜೆಯ ಪೊಟ್ಟಣ ಬಿಚ್ಚಿಕೊಂಡು, ಮುಂದೆ ನಿಂತವರ ಮುಖ ನೋಡದೆ, "ಸ್ವಲ್ಪ ನಿಲ್ಲಿ" ಎಂದೆ. ಅರ್ಧ ಗಂಟೆ ನಿಲ್ಲಿಸಿದೆ. ಕೈ ಒರೆಸಿಕೊಂಡು ತಲೆ ಎತ್ತಿದರೆ ನಮ್ಮ ಅಂಗಳಕ್ಕೆ ಬರುತ್ತಿದ್ದವರೇ! ಶಾಖೆಗೆ ಹೊಸದಾಗಿ ವರ್ಗವಾಗಿ ಬಂದಿದ್ದೆ, ಅವರು ಅಲ್ಲಿ ಹಣ ಕಟ್ಟುತ್ತಾರೆಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ನಿಲ್ಲಿಸುತ್ತಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಬೇರೆಯವರಾಗಿದ್ದರೆ ನಿಲ್ಲಿಸಬಹುದಿತ್ತೇ ಎಂದು ಕೇಳಿಕೊಳ್ಳಲಿಲ್ಲ.

ಅವರು ಗುರುತು ಹಿಡಿದಿದ್ದರು. "ಅವಸರ ಇಲ್ಲ, ನೀವು ತಿಂದು ಮುಗಿಸಿ" ಎಂದರು. ಚಡ್ಡಿ ಹಾಕಿಕೊಂಡಿದ್ದಾಗ ನನ್ನನ್ನು "ನೀನು" ಎನ್ನುತ್ತಿದ್ದವರು. ಆ "ನೀವು" ಇವತ್ತಿಗೂ ಚುಚ್ಚುತ್ತದೆ. ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಆ ರಾತ್ರಿ ಗಂಜಿ ಸಿಗುತ್ತಿರಲಿಲ್ಲ.

ಹಾಗಾಗಿ ಇವತ್ತು ಅಂಗಡಿಯ ಹುಡುಗನಿಗೆ ಬೈಯಲು ಬಾಯಿ ತೆರೆದವನು ಮುಚ್ಚಿದೆ. ರೀಫಿಲ್ ಅಲ್ಲೇ ಬಿಟ್ಟು ಹೊರಗೆ ಬಂದೆ. ಪಿಗ್ಮಿಯವರು ಪಕ್ಕದ ಅಂಗಡಿಯ ಮಾಡಿನ ಕೆಳಗೆ ನಿಂತು ಕರವಸ್ತ್ರದಿಂದ ಯಂತ್ರ ಒರೆಸುತ್ತಿದ್ದರು, ತಲೆಯಿಂದ ನೀರು ಇಳಿಯುತ್ತಲೇ ಇತ್ತು. ಪರಿಚಯವಿಲ್ಲದಿದ್ದರೂ, "ಬನ್ನಿ, ಒಂದು ಚಹಾ ಕುಡಿಯೋಣ" ಎಂದೆ. ಇವನ್ಯಾರಪ್ಪ ಎಂಬಂತೆ ನೋಡಿ, ಆಮೇಲೆ ನಕ್ಕರು.

"ಇನ್ನೂ ಹದಿನೇಳು ಅಂಗಡಿ ಬಾಕಿ ಉಂಟು. ನಾಳೆ ಕುಡಿಯೋಣ, ಆಗದೇ?"